ವಿಚ್ಛೇದನದ ಡಿಕ್ರಿ: ಎಲ್ಲಿ ಇರುತ್ತದೆ, ಹೇಗೆ ಪಡೆಯಬೇಕು

ಭಾನುವಾರ ನಮ್ಮ ವಾಚನಾಲಯಕ್ಕೆ ಬರುವವರೆಲ್ಲ ಪತ್ರಿಕೆ ಓದುವುದಕ್ಕೇ ಬರುತ್ತಾರೆಂದಲ್ಲ. ಅರ್ಜಿ ಬರೆಸುವುದಕ್ಕೆ, ಫಾರಂ ತುಂಬಿಸುವುದಕ್ಕೆ, ಊರಿನಿಂದ ಬಂದ ನೋಟೀಸನ್ನು ಓದಿಸಿಕೊಳ್ಳುವುದಕ್ಕೂ ಬರುತ್ತಾರೆ. ಅವರಲ್ಲಿ ಕೆಲವರು ಮೆಲ್ಲಗೆ ಪಕ್ಕಕ್ಕೆ ಕರೆದು, “ನನ್ನದು ಬಿಡುಗಡೆ ಆಗಿದೆ ಸಾರ್, ಕಾಗದ ಮಾತ್ರ ಬೇಕು” ಎನ್ನುತ್ತಾರೆ. ಯಾವ ಕೋರ್ಟಿನಲ್ಲಿ ಆಯಿತೆಂದು ನಾವು ಕೇಳುತ್ತೇವೆ. ಉತ್ತರ ಎರಡು ಬಗೆಯದು. “ರಾಯಚೂರಿನಲ್ಲಿ ಎಲ್ಲೋ ಆಯಿತು, ವಕೀಲರಿಗೇ ಗೊತ್ತು” ಎಂಬುದು ಒಂದು. “ಕೋರ್ಟು ಎಲ್ಲಿಯದು, ಹಿರಿಯರು ಕೂತು ಸೋಡಚೀಟಿ ಬರೆದುಕೊಟ್ಟರು” ಎಂಬುದು ಇನ್ನೊಂದು. ಮೊದಲನೆಯವರ ಕೆಲಸ ಓಡಾಟದಿಂದ ಆಗುತ್ತದೆ. ಎರಡನೆಯವರದು ಅಷ್ಟು ಸುಲಭವಲ್ಲ. ಆದ್ದರಿಂದ ಅದನ್ನೇ ಮೊದಲು ಬರೆಯುತ್ತೇವೆ.

ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದದ್ದು 1955ರಲ್ಲಿ. ಅಂದಿನಿಂದ ಹಿಂದೂ ಮದುವೆ ಮುರಿಯಬೇಕಾದರೆ ಕೋರ್ಟಿನ ಡಿಕ್ರಿಯೇ ಬೇಕೆಂಬುದು ಸಾಮಾನ್ಯ ನಿಯಮ. ಜಾತಿಯ ಪದ್ಧತಿಯ ಪ್ರಕಾರ ಬಿಡುಗಡೆಯಾಗುವ ರೂಢಿಯನ್ನು ಅದೇ ಕಾಯಿದೆಯ 29ನೇ ಕಲಮು ಉಳಿಸಿದೆ ಎಂಬುದು ನಿಜ. ಆದರೆ ಆ ರೂಢಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂಬುದನ್ನು, ರೂಢಿ ಉಂಟೆಂದು ಹೇಳುವವನೇ ಸಾಕ್ಷಿ ಹಾಕಿ ರುಜುವಾತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟವಾಗಿ ಹೇಳಿತು. ನೂರು ರೂಪಾಯಿಯ ಸ್ಟಾಂಪ್ ಕಾಗದದ ಮೇಲೆ ಇಬ್ಬರೂ ರುಜು ಮಾಡಿ ನೋಟರಿಯ ಮೊಹರು ಒತ್ತಿಸಿಬಿಟ್ಟರೆ ಮದುವೆ ಮುರಿಯಿತೆಂದು ತಿಳಿಯುವವರು ಬಹಳ ಜನ. ನೋಟರಿಗೆ ಮದುವೆ ಮುರಿಯುವ ಅಧಿಕಾರವಿಲ್ಲ. ಅವರು ದೃಢಪಡಿಸುವುದು ರುಜುವನ್ನು ಮಾತ್ರ.

ಇದರಿಂದ ಆಗುವ ಹಾನಿ ಎಂಥದೆಂಬುದಕ್ಕೆ ನಾವು ಗಿರಣಿಯ ಕಚೇರಿಯಲ್ಲಿ ಭವಿಷ್ಯನಿಧಿಯ ಕಾಗದ ನೋಡುವಾಗ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಹೆಸರು, ಊರು ಬೇಡ. ಕೆಲಸಗಾರನೊಬ್ಬ ಸೋಡಚೀಟಿ ಕೊಟ್ಟು ಮೊದಲನೆಯ ಹೆಂಡತಿಯನ್ನು ತವರಿಗೆ ಕಳಿಸಿದ್ದ. ಇನ್ನೊಬ್ಬಳನ್ನು ಮದುವೆಯಾಗಿ ಹನ್ನೊಂದು ವರ್ಷ ಇಲ್ಲಿಯೇ ಸಂಸಾರ ಮಾಡಿದ. ನಾಮಿನಿಯ ಜಾಗದಲ್ಲಿ ಎರಡನೆಯವಳ ಹೆಸರೇ ಇತ್ತು. ಅವನು ತೀರಿಕೊಂಡ ಮೇಲೆ ಇಬ್ಬರೂ ಬಂದರು. ಮೊದಲ ಮದುವೆ ಮುರಿದದ್ದಕ್ಕೆ ಡಿಕ್ರಿ ಇಲ್ಲದ್ದರಿಂದ ಕಾಯಿದೆಯ ಕಣ್ಣಿಗೆ ಹೆಂಡತಿ ಮೊದಲನೆಯವಳೇ. ಎರಡನೆಯ ಮದುವೆ ಊರ್ಜಿತವಲ್ಲವಾದ್ದರಿಂದ ಆಕೆ ಭವಿಷ್ಯನಿಧಿಯ ನಿಯಮದ ‘ಕುಟುಂಬ’ದೊಳಗೆ ಬರಲಿಲ್ಲ, ವಿಧವಾ ಪಿಂಚಣಿಯೂ ಆಕೆಯದಾಗಲಿಲ್ಲ. ಮಕ್ಕಳ ಪಾಲು ಮಾತ್ರ ಉಳಿಯಿತು. ಅನೂರ್ಜಿತ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನೂ ಔರಸರೆಂದೇ ಎಣಿಸಬೇಕೆಂದು ಕಾಯಿದೆಯ 16ನೇ ಕಲಮು ಹೇಳುತ್ತದೆ. ಹನ್ನೊಂದು ವರ್ಷ ಅನ್ನ ಬೇಯಿಸಿದ ಆ ತಾಯಿ ಬರಿಗೈಯಲ್ಲಿ ಹೋದಳು. ಮೊದಲನೆಯವಳನ್ನು ತಪ್ಪೆನ್ನುವುದೂ ಸರಿಯಲ್ಲ. ಆಕೆಗೆ ಯಾವ ಕೋರ್ಟೂ ಬಿಡುಗಡೆ ಕೊಟ್ಟಿರಲಿಲ್ಲ, ಜೀವನಾಂಶವೂ ಸಿಕ್ಕಿರಲಿಲ್ಲ. ಹಾಗೆ ಮರುಮದುವೆಯಾದವನು ಬದುಕಿದ್ದಾಗಲೇ ಮೊದಲ ಹೆಂಡತಿ ಫಿರ್ಯಾದು ಕೊಟ್ಟರೆ ಏಳು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ ಅದು.

ಈಗ ಡಿಕ್ರಿ ಆಗಿರುವವರ ವಿಷಯ. ಜನನ ಮರಣಗಳಿಗೆ ಇರುವಂತೆ ವಿಚ್ಛೇದನಕ್ಕೆ ನಮ್ಮ ದೇಶಕ್ಕೆಲ್ಲ ಒಂದೇ ರಿಜಿಸ್ಟರು ಇಲ್ಲ. ಉತ್ತರಾಖಂಡದಲ್ಲಿ ಮಾತ್ರ 2025ರ ಜನವರಿಯಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ವಿಚ್ಛೇದನವನ್ನೂ ನೋಂದಾಯಿಸಬೇಕೆಂದಿದೆ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿತು ಅಮೆರಿಕೆಗೆ ಹೋದ ನಮ್ಮ ಹುಡುಗರು ಅಲ್ಲಿ ‘ಕೌಂಟಿ’ ಕೋರ್ಟಿಗೆ ಹೋಗಿ ಕೇಳುತ್ತಾರಂತೆ. ನಮ್ಮಲ್ಲೂ ಹಾಗೆಯೇ, ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಅದರ ಮೂಲ ಇರುತ್ತದೆ. ಬೇರೆ ಕೋರ್ಟಿನ ಮೆಟ್ಟಿಲು ಎಷ್ಟು ಸಲ ಹತ್ತಿದರೂ ಸಿಗದು.

ಆದ್ದರಿಂದ ಮೊದಲು ಮೂರು ಸಂಗತಿ ಗೊತ್ತಾಗಬೇಕು: ಕೋರ್ಟು, ಮೊಕದ್ದಮೆಯ ನಂಬರು, ವರ್ಷ. ಕರ್ನಾಟಕದಲ್ಲಿ ವಿವಾಹದ ಮೊಕದ್ದಮೆಗೆ ಎಂ.ಸಿ. ಎಂಬ ಗುರುತು ಹಾಕುತ್ತಾರೆ. ಇಲ್ಲಿ ಓ.ಪಿ. ಎಂದೋ ಎಫ್.ಸಿ.ಓ.ಪಿ. ಎಂದೋ ಇರುತ್ತದೆ. ಊರಿನಲ್ಲಿ ಕುಟುಂಬ ನ್ಯಾಯಾಲಯವಿದ್ದರೆ ಅಲ್ಲಿ, ಇಲ್ಲವಾದರೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ವಿಚಾರಿಸಬೇಕು. ಹಳೆಯ ವಕೀಲರು ಬದುಕಿದ್ದರೆ ಅವರ ಗುಮಾಸ್ತರ ಡೈರಿಯಲ್ಲಿ ನಂಬರು ಸಿಕ್ಕೀತು. ಹಳೆಯ ಸಮನ್ಸು, ವಾಯಿದೆಯ ಚೀಟಿ, ಏನಿದ್ದರೂ ಟ್ರಂಕಿನಿಂದ ತೆಗೆದು ನೋಡಿ. ನಂಬರು ಅದರ ತಲೆಯಲ್ಲೇ ಇರುತ್ತದೆ.

ಏನೂ ಸಿಗದಿದ್ದರೆ ಇ-ಕೋರ್ಟ್ಸ್ ಎಂಬ ಸರ್ಕಾರದ ವ್ಯವಸ್ಥೆಯಲ್ಲಿ ಮೊಬೈಲಿನಲ್ಲೇ ಹುಡುಕಬಹುದು. ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ, ಪಕ್ಷಗಾರರ ಹೆಸರನ್ನೂ ವರ್ಷವನ್ನೂ ಹಾಕಬೇಕು. ಮುಗಿದ ಮೊಕದ್ದಮೆಗಳ ಪಟ್ಟಿಯನ್ನು ಆರಿಸಲು ಮರೆಯಬಾರದು. ಬಾಕಿ ಇರುವವುಗಳಲ್ಲೇ ಹುಡುಕಿ ಇಲ್ಲವೆಂದು ಮರಳಿದವರಿದ್ದಾರೆ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಾಗಿ ಬರೆಯುತ್ತಾನೆ. ಬಸಪ್ಪ ಬಸವಪ್ಪನಾಗಿರುತ್ತಾನೆ, ಮಲ್ಲಮ್ಮನಿಗೆ ಒಂದು ‘ಲ’ ಕಡಿಮೆಯಾಗಿರುತ್ತದೆ. ಆದ್ದರಿಂದ ಪೂರ್ಣ ಹೆಸರಿನ ಬದಲು ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ ನೋಡುವುದು ಮೇಲು. ಸಿಕ್ಕರೆ ಅಲ್ಲಿ ಸಿ.ಎನ್.ಆರ್. ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು ಕಾಣುತ್ತದೆ; ಕೊನೆಯ ನಾಲ್ಕು ಅಂಕಿ ವರ್ಷ. ಅದನ್ನು ಬರೆದಿಟ್ಟುಕೊಳ್ಳಿ. ಬಹಳ ಹಳೆಯ ಮೊಕದ್ದಮೆಗಳು ಇದರಲ್ಲಿ ಸಿಗದಿರಬಹುದು. ಆಗ ಕೋರ್ಟಿಗೇ ಹೋಗಿ ಆ ವರ್ಷದ ರಿಜಿಸ್ಟರು ನೋಡಿಸುವುದೇ ದಾರಿ.

ಹೈದರಾಬಾದಿನವರಿಗೆ ಇನ್ನೊಂದು ತೊಡಕು. ನಗರದ ಕುಟುಂಬ ನ್ಯಾಯಾಲಯ ಪುರಾನಿ ಹವೇಲಿಯಲ್ಲಿದೆ, ಸಿಕಂದರಾಬಾದಿನಲ್ಲಿ ಬೇರೆಯದೊಂದಿದೆ. ಅಮೀರ್‌ಪೇಟೆ ಹೈದರಾಬಾದು ಜಿಲ್ಲೆ. ಮೆಟ್ರೋದಲ್ಲಿ ಕೆಲವೇ ನಿಲ್ದಾಣ ಆಚೆಗಿರುವ ಕೂಕಟ್‌ಪಲ್ಲಿ ಹಿಂದೆ ರಂಗಾರೆಡ್ಡಿ ಜಿಲ್ಲೆಯಲ್ಲಿದ್ದು 2016ರಲ್ಲಿ ಮೇಡ್ಚಲ್-ಮಲ್ಕಾಜಗಿರಿಗೆ ಸೇರಿತು. 2022ರಲ್ಲಿ ಕೋರ್ಟುಗಳನ್ನೂ ಹೊಸ ಜಿಲ್ಲೆಗಳ ಪ್ರಕಾರ ವಿಂಗಡಿಸಿದರು. ಆ ಕಡೆ ವಾಸವಾಗಿದ್ದು ಹಿಂದೆ ಮೊಕದ್ದಮೆ ನಡೆಸಿದವರು ಹಳೆಯ ಜಿಲ್ಲೆಯ ಹೆಸರಿನಲ್ಲೂ ಹುಡುಕಬೇಕು. ರಂಗಾರೆಡ್ಡಿ ಜಿಲ್ಲೆಯ ಕೋರ್ಟುಗಳು ಎಲ್.ಬಿ. ನಗರದಲ್ಲಿವೆ. ಕೂಕಟ್‌ಪಲ್ಲಿ, ಅಮೀರ್‌ಪೇಟೆ, ಎಲ್.ಬಿ. ನಗರ ಮೂರೂ ಒಂದೇ ಕೆಂಪು ಮಾರ್ಗದ ಮೇಲಿರುವುದು ನಮ್ಮ ಪುಣ್ಯ.

ನಂಬರು ಸಿಕ್ಕ ಮೇಲೆ ನಕಲಿನ ಅರ್ಜಿ. ಪಕ್ಷಗಾರನಾದವನು ತಾನೇ ಅರ್ಜಿ ಕೊಡಬಹುದು. ಗುರುತಿನ ಚೀಟಿ ಕೈಯಲ್ಲಿರಲಿ. ತೀರ್ಪು ಮತ್ತು ಡಿಕ್ರಿ ಎರಡರ ದೃಢೀಕೃತ ನಕಲೂ ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ತೀರ್ಪೆಂದರೆ ನ್ಯಾಯಾಧೀಶರು ಕಾರಣ ಕೊಟ್ಟು ಬರೆದದ್ದು. ಡಿಕ್ರಿ ಎಂದರೆ ಮದುವೆ ಮುರಿಯಿತು ಎಂಬ ಹುಕುಂ. ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಒಂದನ್ನು ಕೊಟ್ಟರೆ ಇನ್ನೊಂದನ್ನು ಕೇಳಿ ಮತ್ತೆ ಓಡಿಸುವುದುಂಟು. ಅರ್ಜಿಗೆ ಸಿ.ಎ. ನಂಬರು ಕೊಡುತ್ತಾರೆ. ಕೆಲವು ದಿನದ ಮೇಲೆ ಎಷ್ಟು ಸ್ಟಾಂಪು ಬೇಕೆಂದು ನೋಟೀಸ್ ಬೋರ್ಡಿನಲ್ಲಿ ಹಾಕುತ್ತಾರೆ. ಅದನ್ನು ನೋಡಿ ವಾಯಿದೆಯೊಳಗೆ ಕಟ್ಟದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ರಜೆ ಸಿಗದ ಕೆಲಸಗಾರರು ಸೋಲುವುದು ಇಲ್ಲಿಯೇ. ಬೋರ್ಡು ನೋಡಲು ನಂಬಿಕೆಯ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.

ನಕಲಿನ ಮೇಲೆ ಅರ್ಜಿಯ ತಾರೀಕು, ಸ್ಟಾಂಪು ಕೇಳಿದ್ದು, ಕಟ್ಟಿದ್ದು, ನಕಲು ಸಿದ್ಧವಾದದ್ದು ಎಲ್ಲ ನಮೂದಾಗಿರುತ್ತದೆ. ಅದು ಸುಮ್ಮನೆ ಬರೆದದ್ದಲ್ಲ. ನಕಲು ಪಡೆಯಲು ಹಿಡಿದ ಸಮಯವನ್ನು ಅಪೀಲಿನ ವಾಯಿದೆಯಿಂದ ಕಳೆಯುತ್ತಾರೆ. ಇನ್ನೊಂದು ಮಾತು ಅನೇಕರಿಗೆ ತಿಳಿಯದು: ಮದುವೆ ಮುರಿದು ಡಿಕ್ರಿಯಾದಾಗ ಅದರ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡತಕ್ಕದ್ದೆಂದು ಕಾಯಿದೆಯ 23ನೇ ಕಲಮಿನಲ್ಲೇ ಇದೆ. ಡಿಕ್ರಿಯಾದ ದಿನವೇ ಅದನ್ನು ಕೇಳಿ ಪಡೆದಿದ್ದರೆ ಈ ಲೇಖನದ ಅರ್ಧ ಬೇಕಾಗುತ್ತಿರಲಿಲ್ಲ. ವಕೀಲರ ಹತ್ತಿರ ಇರಲಿ ಎಂದು ಬಿಟ್ಟುಬರುವುದು ನಮಗೆ ಸರಿಕಾಣದು.

ಅಣ್ಣತಮ್ಮಂದಿರು, ಹೊಸ ಸಂಬಂಧದವರು ಹೋಗಿ ಕೇಳಿದರೆ ನಕಲು ಸುಲಭವಾಗಿ ಸಿಗುವುದಿಲ್ಲ, ಸಿಗಲೂಬಾರದು. ಇಂಥ ಮೊಕದ್ದಮೆಗಳು ಮುಚ್ಚಿದ ಬಾಗಿಲಿನೊಳಗೆ ನಡೆಯತಕ್ಕವು. ಅದರ ಸಂಗತಿಗಳನ್ನು ಅಚ್ಚುಹಾಕುವುದೂ 22ನೇ ಕಲಮಿನ ಪ್ರಕಾರ ತಪ್ಪು. ಹೆಣ್ಣು ಕೊಡುವವರು ವರನ ಹಿಂದಿನ ಡಿಕ್ರಿಯನ್ನು ನೋಡಬೇಕೆಂದರೆ ಅವನೇ ತಂದು ತೋರಿಸಲಿ. ತೋರಿಸಲು ಹಿಂಜರಿಯುವವನಿಗೆ ಹೆಣ್ಣು ಕೊಡುವ ಅವಸರವೇನು?

ಡಿಕ್ರಿ ಕೈಗೆ ಬಂದ ಮಾತ್ರಕ್ಕೆ ಮರುದಿನವೇ ಮದುವೆಯಾಗುವಂತಿಲ್ಲ. ಅಪೀಲಿನ ಅವಧಿ ಮುಗಿಯಬೇಕು. ವಿವಾಹ ಕಾಯಿದೆಯಲ್ಲಿ ಮೊದಲು 30 ದಿನವಿದ್ದುದು 2003ರ ತಿದ್ದುಪಡಿಯಿಂದ 90 ದಿನವಾಯಿತು. 1984ರ ಕುಟುಂಬ ನ್ಯಾಯಾಲಯ ಕಾಯಿದೆಯಲ್ಲಿ 30 ದಿನವೆಂದೇ ಇದೆ. ನಮ್ಮ ಸಲಹೆ ಇಷ್ಟು: ಅಪೀಲು ಮಾಡುವವರು 30 ದಿನವೆಂದು ತಿಳಿದು ಓಡಲಿ, ಮರುಮದುವೆ ಮಾಡಿಕೊಳ್ಳುವವರು 90 ದಿನವೆಂದು ತಿಳಿದು ಕಾಯಲಿ. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗೆ ಸಾಮಾನ್ಯವಾಗಿ ಅಪೀಲಿಲ್ಲ.

ಇನ್ನು ಹೊಸದಾಗಿ ಅರ್ಜಿ ಹಾಕಬೇಕಾದವರು. ಮದುವೆಯಾಗಿ ಒಂದು ವರ್ಷ ತುಂಬಿರಬೇಕು. ಮದುವೆ ನಡೆದ ಸ್ಥಳ, ಇಬ್ಬರೂ ಕೊನೆಗೆ ಕೂಡಿ ವಾಸವಾಗಿದ್ದ ಸ್ಥಳ, ಎದುರು ಪಕ್ಷದವರು ಈಗ ಇರುವ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದು ಕಡೆ ಹಾಕಬಹುದು. 2003ರಿಂದ ಹೆಂಡತಿ ತಾನು ವಾಸವಾಗಿರುವ ಊರಿನಲ್ಲೇ ಹಾಕಬಹುದು. ಗಂಡ ಅಮೀರ್‌ಪೇಟೆಯಲ್ಲಿದ್ದು ಹೆಂಡತಿ ಸಿಂಧನೂರಿನ ತವರಿನಲ್ಲಿದ್ದರೆ ಆಕೆ ಹೈದರಾಬಾದಿಗೆ ಅಲೆಯಬೇಕಾಗಿಲ್ಲ. ಇಬ್ಬರೂ ಒಪ್ಪಿದ್ದರೆ 1976ರಲ್ಲಿ ಸೇರಿಸಿದ 13-ಬಿ ಕಲಮಿನ ದಾರಿ ಇದೆ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ ಮತ್ತೆ ಹೋಗಿ ಇಬ್ಬರೂ ಹೇಳಬೇಕು. ತಕ್ಕ ಕಾರಣವಿದ್ದರೆ ಕೋರ್ಟು ಆ ಆರು ತಿಂಗಳನ್ನು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು ಮೊದಲಾದ ಕಾರಣ ತೋರಿಸಬೇಕು. ಕುಷ್ಠರೋಗವನ್ನು ಆ ಪಟ್ಟಿಯಿಂದ 2019ರಲ್ಲಿ ತೆಗೆದುಹಾಕಿದ್ದು ಒಳ್ಳೆಯ ಕೆಲಸವಾಯಿತು. ಕ್ರೈಸ್ತ ಬಾಂಧವರಿಗೆ 1869ರ ಕಾಯಿದೆಯೂ, ಮುಸ್ಲಿಂ ಸೋದರಿಯರಿಗೆ 1939ರ ಕಾಯಿದೆಯೂ ಉಂಟು. ಒಂದೇ ಉಸಿರಿನ ಮೂರು ತಲಾಖು 2019ರ ಕಾಯಿದೆಯ ಪ್ರಕಾರ ಅನೂರ್ಜಿತ.

ಅರ್ಜಿಯ ಜೊತೆಗೆ ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ವಿಳಾಸದ ಆಧಾರ ಇರಲಿ. ಕನ್ನಡದ ಕಾಗದಗಳಿಗೆ ಇಲ್ಲಿಯ ಕೋರ್ಟಿನಲ್ಲಿ ಅನುವಾದ ಬೇಕಾಗುತ್ತದೆ. ಜೀವನಾಂಶ, ಒಡವೆ, ಮಕ್ಕಳ ವಿಷಯ ಏನೇ ಒಪ್ಪಂದವಾಗಿದ್ದರೂ ಡಿಕ್ರಿಯೊಳಗೆ ಬರೆಸಿ. ಹೊರಗಿನ ಮಾತು ಹೊರಗೇ ಉಳಿಯುತ್ತದೆ. ಎದುರು ಪಕ್ಷದವರ ವಿಳಾಸವನ್ನು ಬೇಕೆಂದೇ ತಪ್ಪು ಕೊಟ್ಟು, ಎಲ್ಲೋ ಒಂದು ಪತ್ರಿಕೆಯಲ್ಲಿ ನೋಟೀಸು ಹಾಕಿಸಿ, ಏಕಪಕ್ಷೀಯ ಡಿಕ್ರಿ ಪಡೆಯುವವರೂ ಇದ್ದಾರೆ. ಅಂಥ ಡಿಕ್ರಿ ಗಟ್ಟಿಯಲ್ಲ. ಸಮನ್ಸು ಸರಿಯಾಗಿ ಜಾರಿಯಾಗಿಲ್ಲದಿದ್ದರೆ, ವಿಷಯ ತಿಳಿದ 30 ದಿನದೊಳಗೆ ಅದನ್ನು ರದ್ದುಮಾಡಲು ಆಕೆ ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ಊರಿನಲ್ಲಿರುವ ನಿಮ್ಮ ಅಕ್ಕತಂಗಿಯರಿಗೆ ಇದನ್ನು ಓದಿ ಹೇಳಿ.

ವಕೀಲರ ಫೀಸಿಗೆ ಹಣವಿಲ್ಲವೆಂದು ಸೋಡಚೀಟಿಗೆ ಹೋಗುವವರಿಗೆ: 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆಯ ಕೆಲಸಗಾರರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು, ಫೋನು 15100.

ನಕಲು ಬಂದ ಮೇಲೆ ಭವಿಷ್ಯನಿಧಿ, ಬ್ಯಾಂಕು, ವಿಮೆ ಮೂರರಲ್ಲೂ ನಾಮಿನಿಯನ್ನು ಬದಲಾಯಿಸಿ. ಅದು ತಾನಾಗಿ ಬದಲಾಗುವುದಿಲ್ಲ. ಪಾಸ್‌ಪೋರ್ಟಿಗೆ ಮಾತ್ರ 2016ರ ಡಿಸೆಂಬರಿನಿಂದ ಡಿಕ್ರಿ ತೋರಿಸಬೇಕಾಗಿಲ್ಲ. ಕೋರ್ಟಿಗೆ ಕೊಟ್ಟಿದ್ದ ಅಸಲು ಕಾಗದಗಳಿದ್ದರೆ ಅಪೀಲಿನ ವಾಯಿದೆ ಮುಗಿದ ಮೇಲೆ ಅರ್ಜಿ ಕೊಟ್ಟು ಹಿಂದಕ್ಕೆ ಪಡೆಯಿರಿ. ನಕಲಿನ ಅರ್ಜಿಯ ಮಾದರಿಯೊಂದನ್ನು ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ನೋಡಿ ಬರೆದುಕೊಳ್ಳಬಹುದು, ಹೊರಗೆ ಒಯ್ಯಬೇಡಿ.