ಒತ್ತಡದ ಮುಳ್ಳು ಮತ್ತು ಸಿಲಿಂಡರಿನ ಅನಿಲ

ವೆಲ್ಡಿಂಗ್, ತಂಪು ಪಾನೀಯ ತಯಾರಿಕೆ ಮೊದಲಾದ ಉದ್ದಿಮೆಗಳಲ್ಲಿ ಅನಿಲದ ಸಿಲಿಂಡರು ನಿತ್ಯದ ಖರೀದಿಯ ವಸ್ತು. ಒತ್ತಡ ಮಾಪಕದ ಮುಳ್ಳನ್ನು ನೋಡಿ ಸಿಲಿಂಡರು ತುಂಬಿದೆಯೆಂದು ತೀರ್ಮಾನಿಸುವ ವಾಡಿಕೆ ಎಲ್ಲ ಅನಿಲಗಳಿಗೂ ಸಲ್ಲದು.

ಉಷ್ಣತೆ ಸ್ಥಿರವಾಗಿದ್ದು ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ ಎಂಬುದು 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ. ಇದನ್ನು ಪೂರ್ಣವಾಗಿ ಪಾಲಿಸುವುದು ಕಲ್ಪನೆಯ ಆದರ್ಶ ಅನಿಲ ಮಾತ್ರ. ನೈಜ ಅನಿಲದ ಅಣುಗಳಿಗೆ ಸ್ವಂತ ಗಾತ್ರವೂ ಪರಸ್ಪರ ಆಕರ್ಷಣೆಯೂ ಉಂಟು. ಇವೆರಡನ್ನೂ ಲೆಕ್ಕಕ್ಕೆ ತಂದ ಸಮೀಕರಣವನ್ನು ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್ 1873ರಲ್ಲಿ ಮಂಡಿಸಿದರು.

47 ಲೀಟರ್ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ಆದರ್ಶ ಲೆಕ್ಕದಂತೆ ಸುಮಾರು 7 ಘನ ಮೀಟರ್ ಅನಿಲವಿರಬೇಕು. ಸಾಮಾನ್ಯ ಉಷ್ಣತೆಯಲ್ಲಿ ಆಮ್ಲಜನಕ ಇದಕ್ಕಿಂತ ಸುಮಾರು ಶೇ. 5ರಷ್ಟು ಹೆಚ್ಚು, ಜಲಜನಕ ಸುಮಾರು ಶೇ. 8ರಷ್ಟು ಕಡಿಮೆ ಇರುತ್ತದೆ. ಇಲ್ಲಿ ಮುಳ್ಳಿನ ಸೂಚನೆ ಬಹುಮಟ್ಟಿಗೆ ನಂಬಲರ್ಹ. ಆದರೆ ಆಗತಾನೇ ತುಂಬಿದ ಬಿಸಿ ಸಿಲಿಂಡರು ಹೆಚ್ಚು ಒತ್ತಡ ತೋರುವುದರಿಂದ, ಅದು ತಣಿದ ಮೇಲೆ ನೋಡಬೇಕು.

ಇಂಗಾಲದ ಡೈಆಕ್ಸೈಡಿನ ಸ್ಥಿತಿಯೇ ಬೇರೆ. 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ತುಂಬಿದ ಸಿಲಿಂಡರಿನಲ್ಲಿ ಅದರ ಹೆಚ್ಚಿನ ಪಾಲು ದ್ರವರೂಪದಲ್ಲಿರುತ್ತದೆ. 20 ಡಿಗ್ರಿಯಲ್ಲಿ ಆ ದ್ರವ ಮುಗಿಯುವವರೆಗೂ ಮುಳ್ಳು ಸುಮಾರು 56 ಬಾರ್‌ನಲ್ಲೇ ನಿಲ್ಲುತ್ತದೆ. ಅರ್ಧ ಬಳಸಿದ ಸಿಲಿಂಡರಿಗೂ ತುಂಬಿದ ಸಿಲಿಂಡರಿಗೂ ಮಾಪಕದಲ್ಲಿ ವ್ಯತ್ಯಾಸ ಕಾಣದು. ಎಲ್‌ಪಿಜಿಯೂ ಹೀಗೆಯೇ.

ಆದುದರಿಂದ ಇಂತಹ ಅನಿಲಗಳನ್ನು ತೂಗಿಯೇ ಪಡೆಯಬೇಕು. ಸಿಲಿಂಡರಿನ ಮೇಲೆ ನಮೂದಿಸಿದ ಖಾಲಿ ತೂಕವನ್ನು ಒಟ್ಟು ತೂಕದಿಂದ ಕಳೆದರೆ ದೊರೆಯುವುದೇ ಖರೀದಿದಾರನಿಗೆ ಸಲ್ಲಬೇಕಾದ ಸರಕು.