ಮನಸ್ಸು ಕೆಟ್ಟವರ ಸಂಗಡ ಮಾತಾಡುವ ರೀತಿ

ಎತ್ತು ಮೇವು ಬಿಟ್ಟರೆ ಅದೇ ದಿನ ದನದ ದವಾಖಾನೆಗೆ ಹೊಡೆದುಕೊಂಡು ಹೋಗುತ್ತೇವೆ. ಮನೆಯ ಮನುಷ್ಯ ಊಟ, ನಿದ್ದೆ ಬಿಟ್ಟು ಒಬ್ಬನೇ ಮಾತಾಡತೊಡಗಿದರೆ ಮಾತ್ರ, ಗಾಳಿ ಸೋಕಿತೆಂದು ತಿಂಗಳುಗಟ್ಟಲೆ ಗುಡಿ ಗುಡಿ ತಿರುಗಿಸುತ್ತೇವೆ. ಮನಸ್ಸಿಗೂ ರೋಗ ಬರುತ್ತದೆ. ಅದಕ್ಕೆ ಔಷಧವೂ ಇದೆ.

1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ನಮ್ಮ ಭಾಗದವರಿಗೆ ಹೊಸದಲ್ಲ. ಈಗ ಅದರ ಹೆಸರು ಡಿಮ್ಹಾನ್ಸ್. ಇಂಥ ಆಸ್ಪತ್ರೆಯಲ್ಲಿ ವೈದ್ಯರು ನೋಡಿ ಹೋದ ಮೇಲೆ ಹಗಲಿರುಳು ರೋಗಿಯ ಹತ್ತಿರ ಇರುವವರು ದಾದಿಯರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮನೋರೋಗಿಗಳ ಶುಶ್ರೂಷೆಯನ್ನೇ ಪ್ರತ್ಯೇಕ ವಿದ್ಯೆಯಾಗಿ ಕಲಿಸುತ್ತಾರೆ. ಗುಳಿಗೆ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಮಾತಾಡುವ ಕ್ರಮವೂ ಆ ವಿದ್ಯೆಯಲ್ಲಿ ಸೇರಿದೆ.

ರೋಗಿ, “ನನ್ನ ಊಟದಾಗ ವಿಷಾ ಹಾಕ್ಯಾರ” ಎಂದನೆನ್ನಿ. ಮನೆಯವರು “ಹುಚ್ಚುಚ್ಚಾರ ಮಾತಾಡಬ್ಯಾಡ, ಉಣ್ಣು” ಎಂದು ಗದರಿಸುತ್ತಾರೆ. ಕೆಲವರು ಸಮಾಧಾನಕ್ಕೆಂದು “ಹೌದು, ಹಾಕ್ಯಾರ” ಎಂದುಬಿಡುತ್ತಾರೆ. ಎರಡೂ ಸಲ್ಲದು. ಕಲಿತ ದಾದಿ ವಾದಕ್ಕಿಳಿಯುವುದಿಲ್ಲ, ಹೌದೆನ್ನುವುದೂ ಇಲ್ಲ. “ನಿಮಗ ಬಾಳ ಅಂಜಿಕಿ ಆಗೇತಿ ಅಂತ ತಿಳೀತೈತ್ರಿ. ನನಗ ಹಂಗ ಕಾಣಸವಲ್ದು. ನಾ ಇಲ್ಲೇ ಕುಂದರ್ತೀನಿ” ಎನ್ನುತ್ತಾಳೆ. ವಿಷ ಸುಳ್ಳಾದರೂ ಭಯ ನಿಜವಾದದ್ದು. ಅವಳು ಆ ಭಯಕ್ಕೆ ಉತ್ತರ ಕೊಡುತ್ತಾಳೆ. ರೋಗಿ ಸಿಟ್ಟಿಗೆದ್ದರೆ ತಾನು ದನಿ ಏರಿಸದೆ, ಬಾಗಿಲಿಗೆ ಅಡ್ಡವಾಗದೆ, ತುಸು ದೂರ ನಿಂತು ಚಿಕ್ಕ ಚಿಕ್ಕ ಮಾತು ಆಡುತ್ತಾಳೆ. ಬೈಗುಳ ಕೇಳಿಯೂ ತನ್ನ ಸಿಟ್ಟನ್ನು ತಡೆದುಕೊಳ್ಳುವುದೇ ಇದರಲ್ಲಿ ಕಷ್ಟದ ಭಾಗವೆಂದು ನನಗೆ ತೋರುತ್ತದೆ.

ರೋಗಿ ಮನೆಗೆ ಮರಳಿದ ಮೇಲೆ ಈ ಕೆಲಸ ಮನೆಯವರದು. ಸದಾ ಹಂಗಿಸುವ ಮನೆಯಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ತಜ್ಞರು ಕಂಡುಕೊಂಡಿದ್ದಾರೆ. ಆರಾಮಾಯಿತೆಂದು ವೈದ್ಯರನ್ನು ಕೇಳದೆ ಗುಳಿಗೆ ಬಿಡಿಸಬಾರದು. ಸರಪಳಿ ಹಾಕಿ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಸಾಲದಿಂದಲೋ ಬೆಳೆ ಹೋದದ್ದರಿಂದಲೋ ನೊಂದವನು “ಬದುಕು ಸಾಕಾಗೇತಿ” ಎಂದರೆ ನಗೆಯಾಡಿ ಬಿಡಬೇಡಿರಿ. “ತಮ್ಮಾ, ಜೀವಾ ಕಳಕೋಬೇಕು ಅನಸ್ತೈತೇನು?” ಎಂದು ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ವಿಚಾರ ತಲೆಗೆ ಹೊಗುವುದಿಲ್ಲ. ಮನಸ್ಸು ಬಿಚ್ಚಲು ಅವನಿಗೆ ದಾರಿ ಸಿಗುತ್ತದೆ. ಒಬ್ಬನನ್ನೇ ಬಿಡಬೇಡಿರಿ. ಕೀಟನಾಶಕದ ಡಬ್ಬಿಗಳಿಗೆ ಬೀಗ ಹಾಕಿ ಕೀಲಿಯನ್ನು ಬೇರೆಯವರ ಕೈಗೆ ಕೊಡಿರಿ. ಕಬ್ಬಿಗೆ ಹೊಡೆದು ಉಳಿದ ಔಷಧವನ್ನು ಪಡಸಾಲೆಯ ಗೂಡಿನಲ್ಲಿಡುವ ರೂಢಿ ನಮ್ಮಲ್ಲಿದೆ. ಮಕ್ಕಳಿರುವ ಮನೆಯಲ್ಲಂತೂ ಅದು ಎಂದಿಗೂ ಕೂಡದು.

ಜಮಖಂಡಿ, ಮುಧೋಳ, ಬೀಳಗಿ ಕಡೆಯವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲಿರುಳು ಯಾವಾಗ ಬೇಕಾದರೂ ಖರ್ಚಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರು ಮಾತಾಡಿದರೂ ಸಲಹೆ ಕೊಡುತ್ತಾರೆ.