ಬೂಷ್ಟಿನ ಜಾತಿ ತಿಳಿಸಿದ ಥಾಮ್

ಬೂಷ್ಟೆಲ್ಲ ಒಂದೇ ಅಂತ ತಿಳೀಬೇಡಿ. ಅಮೆರಿಕದಲ್ಲಿ 1872ರಲ್ಲಿ ಹುಟ್ಟಿದ ಚಾರ್ಲ್ಸ್ ಥಾಮ್ ಎಂಬ ವಿಜ್ಞಾನಿ ಬಾಳಿನ ಬಹುಪಾಲನ್ನು ಬೂಷ್ಟಿನ ಜಾತಿಗಳನ್ನು ಬೇರ್ಪಡಿಸುವುದರಲ್ಲೇ ಕಳೆದರು. ಹಾಲಿನಿಂದ ಮಾಡುವ ಚೀಸಿಗೆ ರುಚಿ, ಹದ ಕೊಡುವ ಎರಡು ಬೂಷ್ಟುಗಳಿಗೆ 1906ರಲ್ಲಿ ಹೆಸರಿಟ್ಟರು. ಅವು ಒಳ್ಳೆಯವು. ಕೆಟ್ಟವೂ ಇರುವ ಆಸ್ಪರ್ಜಿಲಸ್ ಎಂಬ ಕುಲದ ಮೇಲೆ 1926ರಲ್ಲಿ ಮಾರ್ಗರೆಟ್ ಚರ್ಚ್ ಅವರೊಡನೆ ಪುಸ್ತಕ ಬರೆದರು.

ಥಾಮ್ 1956ರಲ್ಲಿ ತೀರಿಕೊಂಡರು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ಸತ್ತವು, ಒಂದೆರಡಲ್ಲ, ಲಕ್ಷ! ಹಿಂಡಿಗೆ ವಿಷ ಬಿಟ್ಟದ್ದು ಅದೇ ಕುಲದ ಫ್ಲೇವಸ್ ಎಂಬ ಬೂಷ್ಟು. ಈ ವಿಷ ಬೇಯಿಸಿದರೂ ಪೂರ್ತಿ ಹೋಗದು, ಹಸುವಿಗೆ ತಿನ್ನಿಸಿದರೆ ಹಾಲಿಗೂ ಇಳಿಯುತ್ತದೆ. ಆದ್ದರಿಂದ ಬೂಷ್ಟು ಹತ್ತಿದ ಕಾಯನ್ನು ದನಕ್ಕೂ ಹಾಕಬೇಡಿ. ಕಿತ್ತ ಕಾಯನ್ನು ಅಲುಗಿಸಿದರೆ ಗಲಗಲ ಅನ್ನುವ ತನಕ ಒಣಗಿಸಿ, ಆಮೇಲೆ ಚೀಲ ತುಂಬಿ.